ಆಪರೇಷನ್‌ಗೆ ಐದು ನಕ್ಷತ್ರ, ಬಿಡುಗಡೆಯ ಕಾಗದಕ್ಕೆ ಒಂದೂವರೆ

ಮಗಳ ಹೃದಯವನ್ನು ತೆರೆದು ಸರಿಪಡಿಸಿದ ಆಸ್ಪತ್ರೆಗೆ ನಕ್ಷತ್ರ ಎಣಿಸಿ ಕೊಡುವುದು ಸರಿಯೇ ಎಂದು ಹೆಂಡತಿ ಕೇಳಿದಳು. ನಾನು ಅರಸೀಕೆರೆ ತಾಲ್ಲೂಕಿನ ಒಂದು ಸಹಕಾರ ಸಂಘದ ನ್ಯಾಯಬೆಲೆ ಅಂಗಡಿಯಲ್ಲಿ ಸೇಲ್ಸ್‌ಮನ್. ಪ್ರತಿ ತಿಂಗಳೂ ಊರಿನವರೆಲ್ಲ ನನ್ನೆದುರು ಸಾಲು ನಿಂತು ನನ್ನ ತೂಕ, ನನ್ನ ಮಾತು, ಕೈಕೊಡುವ ಸರ್ವರ್ ಎಲ್ಲಕ್ಕೂ ಮುಖದ ಮೇಲೆಯೇ ಅಂಕ ಕೊಟ್ಟು ಹೋಗುತ್ತಾರೆ. ಅಕ್ಕಿ ಅಳೆಯುವವನಿಗೆ ಇರುವ ಪರೀಕ್ಷೆ ಆಸ್ಪತ್ರೆಗೆ ಯಾಕಿರಬಾರದು?

ಬೆಂಗಳೂರಿನ ದೊಡ್ಡ ಹೃದಯ ಆಸ್ಪತ್ರೆಗಳಲ್ಲಿ ಅದೂ ಒಂದು. ಹೆಸರು ಹಾಕುತ್ತಿಲ್ಲ. ಇಲ್ಲಿ ಹೊಗಳಿಕೆಯ ಜೊತೆ ತಕರಾರೂ ಇದೆ, ಮತ್ತು ಮಗಳನ್ನು ಕರೆದುಕೊಂಡು ಅದೇ ಬಾಗಿಲಿಗೆ ನಾವು ಇನ್ನೂ ಬಹಳ ವರ್ಷ ಹೋಗಬೇಕಿದೆ. ಒಟ್ಟು ಐದಕ್ಕೆ ನಾಲ್ಕು. ಕಳೆದುಹೋದ ಆ ಒಂದು ನಕ್ಷತ್ರದ ಬಗ್ಗೆಯೇ ಹೆಚ್ಚು ಹೇಳುವುದಿದೆ.

ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ. ಆಸ್ಪತ್ರೆಯ ಕಾರಿಡಾರುಗಳಲ್ಲಿ ಎಲ್ಲರ ಬಾಯಲ್ಲೂ ಅದು ಟಿಒಎಫ್. ಮಗುವನ್ನು ನೀಲಿಗಟ್ಟಿಸುವ ಹುಟ್ಟು ಹೃದಯದೋಷಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಇದೇ. ನಮ್ಮವಳಿಗೆ ಆಗ ಮೂರು ವರ್ಷ. ಓಡಾಡುತ್ತಾ ಆಡುವಾಗ ನಡುನಡುವೆ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತಿದ್ದಳು. ಅದು ಅವಳ ಆಟದ ರೀತಿ ಎಂದು ನನ್ನ ತಾಯಿ ಹೇಳುತ್ತಿದ್ದರು. ಪೇಟೆಯ ಕ್ಲಿನಿಕ್ ಒಂದರಲ್ಲಿ ಕಫಕ್ಕೆ ಸಿರಪ್ ಕೊಟ್ಟು ಕಳುಹಿಸಿದ್ದರು. ರೋಗವನ್ನು ಗುರುತಿಸಿದ್ದು ಅಂಗನವಾಡಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. 2013ರಲ್ಲಿ ಶುರುವಾದ ಯೋಜನೆ ಅದು. ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬರಬೇಕು. ಜೀಪಿನಿಂದ ಇಳಿದ ವೈದ್ಯೆ ಮಗುವಿನ ಬೆರಳಿನ ತುದಿಗಳು ಉಬ್ಬಿರುವುದನ್ನು ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದರು. 74 ಎಂದು ತೋರಿಸಿತು. ಬೇರೆ ಮಕ್ಕಳಿಗೆಲ್ಲ 97, 98.

ಆಸ್ಪತ್ರೆಯ ವಿಮರ್ಶೆಯಲ್ಲಿ ಆ ವೈದ್ಯೆ ಬರುವುದಕ್ಕೆ ಕಾರಣವಿದೆ. ಇಡೀ ಪ್ರಕರಣದಲ್ಲಿ ನಮಗೆ ಅತ್ಯಂತ ಉಪಯೋಗಕ್ಕೆ ಬಂದ ಒಂದು ನಿಮಿಷದ ಪಾಠವನ್ನು ಹೇಳಿಕೊಟ್ಟವರು ಅವರು. ಮಗು ಜೋರಾಗಿ ಅತ್ತು ತುಟಿ, ಉಗುರು ನೀಲಿಯಾಗಿ, ಉಸಿರು ಬಿರುಸಾದರೆ ತಕ್ಷಣ ಮಲಗಿಸಿ ಎರಡೂ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿಯಬೇಕು. ಹಾಗೆ ಮಡಚಿದಾಗ ದೇಹದ ಕೆಳಭಾಗಕ್ಕೆ ಹೋಗುವ ರಕ್ತದ ದಾರಿ ಬಿಗಿಯಾಗಿ, ಇನ್ನಷ್ಟು ರಕ್ತ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಮಗು ತಾನಾಗಿಯೇ ಕುಕ್ಕರಗಾಲಿನಲ್ಲಿ ಕುಳಿತು ಮಾಡಿಕೊಳ್ಳುತ್ತಿದ್ದದ್ದೂ ಅದನ್ನೇ. ಬೆಂಗಳೂರಿಗೆ ಹೋಗುವ ಮೊದಲೇ, ತಿಪಟೂರು ದಾಟಿದ ರೈಲಿನಲ್ಲಿ, ನನ್ನ ಹೆಂಡತಿ ಆ ಪಾಠವನ್ನು ಬಳಸಬೇಕಾಯಿತು. ಈ ಸೇವೆಗೆ ಐದು ನಕ್ಷತ್ರ, ಶುಲ್ಕವಿಲ್ಲ.

ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ, ರೆಫರಲ್ ಪತ್ರ ಪಡೆದು ಬೆಂಗಳೂರು ತಲುಪಿದೆವು. ಅಲ್ಲಿ ಮೊದಲು ಸಿಗುವುದು ವೈದ್ಯರಲ್ಲ, ಸರ್ಕಾರಿ ಯೋಜನೆಯ ಕಾಗದಪತ್ರ ನೋಡುವ ಆರೋಗ್ಯಮಿತ್ರರ ಮೇಜು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಆ ಮೇಜಿನ ಹುಡುಗ ಚುರುಕಾಗಿದ್ದ, ತಾಳ್ಮೆಯೂ ಇತ್ತು. ನನ್ನ ಕಾಗದಗಳು ಸರಿಯಿದ್ದವು, ಅದು ನನ್ನ ಕಸುಬೇ. ಪಕ್ಕದಲ್ಲಿ ನಿಂತಿದ್ದ ಕೊಪ್ಪಳದ ಒಬ್ಬ ತಂದೆಯ ಸ್ಥಿತಿ ಬೇರೆಯಾಗಿತ್ತು. ಗಂಡ, ಹೆಂಡತಿ, ದೊಡ್ಡ ಮಗ ಎಲ್ಲರೂ ಪಡಿತರ ಚೀಟಿಯಲ್ಲಿದ್ದರು; ಆಪರೇಷನ್ ಆಗಬೇಕಿದ್ದ ಕೂಸಿನ ಹೆಸರೇ ಇರಲಿಲ್ಲ. ನಮ್ಮ ಅಂಗಡಿಗಳಲ್ಲಿ ಇದು ದಿನನಿತ್ಯದ ಕಥೆ: ಮಗು ಹುಟ್ಟಿದ ಮೇಲೆ ಹೆಸರು ಸೇರಿಸುವುದನ್ನು ಜನ ವರ್ಷಗಟ್ಟಲೆ ಮುಂದೂಡುತ್ತಾರೆ, ಸೇರಿಸಲು ಹೋದಾಗ ತಂತ್ರಾಂಶ ತೆರೆದುಕೊಳ್ಳುವುದಿಲ್ಲ. ಆ ದಿನ ಸಂಜೆಯವರೆಗೂ ನಾನು ಅವರ ಊರಿನ ಸೊಸೈಟಿಯವರ ಜೊತೆ ಫೋನಿನಲ್ಲಿದ್ದೆ. ಇದರಲ್ಲಿ ಆಸ್ಪತ್ರೆಯ ತಪ್ಪಿಲ್ಲ. ಆದರೆ ಏನೇನು ಕಾಗದ ಬೇಕು ಎಂಬ ಫಲಕವನ್ನು ಕನ್ನಡದಲ್ಲಿ ಹೊರಗಿನ ಗೇಟಿನ ಬಳಿ ಹಾಕಿದ್ದರೆ ಎಷ್ಟೋ ಜನ ಸಾಲಿನ ತುದಿಗೆ ಬಂದು ಮತ್ತೆ ಹಿಂದಕ್ಕೆ ಹೋಗುವುದು ತಪ್ಪುತ್ತಿತ್ತು. ಹಣದ ಭಯವಿರುವವರು ಜಯದೇವದಂತಹ ಸರ್ಕಾರಿ ಸಂಸ್ಥೆಯನ್ನೂ, ಬಿಲ್ ಕೌಂಟರೇ ಇಲ್ಲದ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯನ್ನೂ ವಿಚಾರಿಸಬಹುದು ಎಂದು ಇದೇ ಹುಡುಗ ತಾನಾಗಿ ಹೇಳಿದ. ತನ್ನ ಅಂಗಡಿಗೆ ಬಂದ ಗಿರಾಕಿಗೆ ಪಕ್ಕದ ಅಂಗಡಿ ತೋರಿಸುವವರನ್ನು ನಾನು ಹೆಚ್ಚು ಕಂಡಿಲ್ಲ.

ಎಕೋ ವಿಭಾಗಕ್ಕೆ ಎರಡು ನಕ್ಷತ್ರ ಮಾತ್ರ. ಚಿಕ್ಕ ಮಕ್ಕಳು ಅಲುಗಾಡದೆ ಮಲಗಿದರೆ ತಾನೇ ಹೃದಯ ಸರಿಯಾಗಿ ಕಾಣುವುದು? ಅದಕ್ಕಾಗಿ ನಿದ್ದೆ ಬರಿಸುವ ಸಿಹಿ ಔಷಧ ಕುಡಿಸುತ್ತಾರೆ. ಹಜಾರದ ತುಂಬ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ತಟ್ಟಿ ಮಲಗಿಸುತ್ತಿರುತ್ತಾರೆ. ಅದೇ ಹಜಾರದ ಗೋಡೆಯ ಮೇಲೊಂದು ಧ್ವನಿವರ್ಧಕ. ಒಂದು ಮಗು ಮಲಗಿತು ಎನ್ನುವಷ್ಟರಲ್ಲಿ ಇನ್ನೊಂದು ಮಗುವಿನ ಟೋಕನ್ ಸಂಖ್ಯೆ ಕಿವಿಗಡಚಿಕ್ಕುವಂತೆ ಕೇಳಿ, ಮಲಗಿದ್ದವೆಲ್ಲ ಎದ್ದು ಅಳುತ್ತವೆ. ನೀಲಿ ಮಕ್ಕಳು ಅಳಬಾರದು ಎಂದು ಹೇಳುವವರೂ ಇವರೇ. ಹಾಸನದ ಒಬ್ಬ ಅಜ್ಜಿ ಎದ್ದು ಹೋಗಿ, "ಅಪ್ಪಾ, ಆ ಮೈಕನ್ನು ಮಲಗಿಸು, ಮಕ್ಕಳು ತಾವಾಗಿಯೇ ಮಲಗುತ್ತವೆ" ಎಂದು ಕಾವಲುಗಾರನಿಗೆ ಹೇಳಿದರು. ಅವನು ನಕ್ಕ. ಮೈಕು ಮುಂದುವರಿಯಿತು.

ಇನ್ನು ವೈದ್ಯರು ವಿವರಿಸಿದ ಬಗೆ. ಇದಕ್ಕೆ ಐದು, ಆರಿದ್ದರೆ ಆರು. ಮಕ್ಕಳ ಹೃದ್ರೋಗ ತಜ್ಞರು ನಮ್ಮನ್ನು ಕೂರಿಸಿಕೊಂಡು ಚೀಟಿಯ ಹಿಂದೆ ಪೆನ್ನಿನಲ್ಲಿ ಚಿತ್ರ ಬರೆದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ. ಬಲಗೋಣೆಯಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ದೇಹಕ್ಕೆಲ್ಲ ರಕ್ತ ಒಯ್ಯುವ ಮಹಾಪಧಮನಿ ಎಡಗೋಣೆಯ ಮೇಲಷ್ಟೇ ಇರಬೇಕಾದದ್ದು, ಬದುವಿನ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತವನ ಹಾಗೆ, ರಂಧ್ರದ ಎರಡೂ ಕಡೆಗೆ ಚಾಚಿಕೊಂಡಿದೆ. ಕಿರಿದಾದ ದಾರಿಗೆ ತಳ್ಳಿ ತಳ್ಳಿ ಬಲಗೋಣೆಯ ಗೋಡೆ ದಪ್ಪಗಾಗಿದೆ. ನಾಲ್ಕು ದೋಷ. ಶ್ವಾಸಕೋಶಕ್ಕೆ ಹೋಗಿ ಶುದ್ಧವಾಗಬೇಕಾದ ರಕ್ತ ರಂಧ್ರದ ಮೂಲಕ ನೇರವಾಗಿ ದೇಹಕ್ಕೆ ಹೊರಟುಬಿಡುವುದರಿಂದ ಬಣ್ಣ ನೀಲಿ. ಈ ನಾಲ್ಕನ್ನೂ ಒಂದೇ ಕಾಯಿಲೆಯೆಂದು 1888ರಲ್ಲಿ ವಿವರಿಸಿದ ಫ್ರಾನ್ಸಿನ ಮಾರ್ಸೇಯ ವೈದ್ಯರ ಹೆಸರೇ ಫ್ಯಾಲೋ.

ಶಸ್ತ್ರಚಿಕಿತ್ಸಕರು ಮಾಡುವುದು ಎರಡು ಮುಖ್ಯ ಕೆಲಸ. ಮಹಾಪಧಮನಿ ಎಡಗೋಣೆಗೆ ಸೇರುವಂತೆ ರಂಧ್ರಕ್ಕೆ ತೇಪೆ ಹಾಕಿ ಹೊಲಿಯುವುದು. ಶ್ವಾಸಕೋಶದ ದಾರಿಗೆ ಅಡ್ಡವಾಗಿ ಬೆಳೆದ ಸ್ನಾಯುವನ್ನು ಕತ್ತರಿಸಿ ತೆಗೆದು ದಾರಿ ಅಗಲ ಮಾಡುವುದು. ತೇಪೆಗೆ ಕೃತಕ ಬಟ್ಟೆಯನ್ನೂ ಬಳಸುತ್ತಾರೆ, ಮಗುವಿನದೇ ಹೃದಯದ ಹೊರಪೊರೆಯ ತುಂಡನ್ನೂ ಬಳಸುತ್ತಾರೆ. ಆ ದಾರಿಯಲ್ಲಿರುವ ಕವಾಟದ ಬಳೆಯೇ ಚಿಕ್ಕದಿದ್ದರೆ ಅದನ್ನೂ ಸೀಳಿ ತೇಪೆ ಹಾಕಿ ಅಗಲಿಸಬೇಕು. ಆಗ ಮುಂದೆ ಆ ಕವಾಟ ಸೋರುತ್ತದೆ. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು, ಹೆಂಡತಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಶ್ವಾಸಕೋಶದ ರಕ್ತನಾಳಗಳು ತೀರಾ ಸಣ್ಣದಿದ್ದರೆ ಈಗ ಪೂರ್ತಿ ರಿಪೇರಿ ಆಗುವುದಿಲ್ಲ, ಮೊದಲು ಕೆಲವೇ ಮಿಲಿಮೀಟರ್ ಅಗಲದ ಕೃತಕ ನಳಿಕೆ ಜೋಡಿಸಿ ರಕ್ತ ಹರಿಸಿ, ಅವು ಬೆಳೆದ ಮೇಲೆ ನೋಡುತ್ತೇವೆ ಎಂದರು. 1944ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬ್ಲಾಲಾಕ್, ಟೌಸಿಗ್ ಮತ್ತು ವಿವಿಯನ್ ಥಾಮಸ್ ಆರಂಭಿಸಿದ ಉಪಾಯದ ಇಂದಿನ ರೂಪ ಅದು. ನಮ್ಮವಳ ಸಿಟಿ ಸ್ಕ್ಯಾನ್‌ನಲ್ಲಿ ರಕ್ತನಾಳಗಳು ಸಾಕಷ್ಟು ದೊಡ್ಡದಿದ್ದವು. ಪೂರ್ತಿ ರಿಪೇರಿಗೆ ದಿನ ಗೊತ್ತಾಯಿತು.

ರಕ್ತದಾನಿಗಳನ್ನು ಕರೆತನ್ನಿ ಎಂದರು. ಊರಿನಿಂದ ಹುಡುಗರು ರಾತ್ರಿ ರೈಲಿಗೆ ಬಂದರು. ಒಬ್ಬನಿಗೆ ಹಿಮೋಗ್ಲೋಬಿನ್ ಕಡಿಮೆ. ಇನ್ನೊಬ್ಬ ಹಿಂದಿನ ರಾತ್ರಿ ಯಾರದೋ ಮದುವೆಯ ಬೀಗರ ಊಟ ಮುಗಿಸಿ ನೇರವಾಗಿ ಬಂದಿದ್ದ, ಬಾಯಿ ತೆರೆಯುತ್ತಲೇ ಸಿಸ್ಟರ್ ಅವನನ್ನು ಹೊರಗೆ ಕಳುಹಿಸಿದರು. ಉಳಿದವರು ಸಾಕಾದರು. ರಕ್ತನಿಧಿಯ ಸಿಬ್ಬಂದಿ ಚೆನ್ನಾಗಿ ನಡೆದುಕೊಂಡರು, ಬಿಸ್ಕತ್ತೂ ಒಳ್ಳೆಯದಿತ್ತು.

ಆಪರೇಷನ್ ದಿನದ ಕಾಯುವ ಕೊಠಡಿಯ ಬಗ್ಗೆ ಬರೆಯಲು ಹೆಚ್ಚಿಲ್ಲ. ಕುರ್ಚಿಗಳು ಸಾಲದು, ಫ್ಯಾನ್ ಇದೆ, ಗೋಡೆಯಲ್ಲಿ ಎಲ್ಲ ಧರ್ಮದ ದೇವರಿದ್ದಾರೆ. ಒಂದು ಸಂಗತಿ ಮಾತ್ರ ಮೆಚ್ಚುವಂಥದ್ದು. ಹೃದಯವನ್ನು ಯಂತ್ರಕ್ಕೆ ಜೋಡಿಸಿದಾಗ ಒಮ್ಮೆ, ಯಂತ್ರದಿಂದ ಬಿಡಿಸಿದಾಗ ಒಮ್ಮೆ ಒಳಗಿನಿಂದ ಒಬ್ಬರು ಹೊರಗೆ ಬಂದು ಹೆಸರು ಕೂಗದೆ, ಹತ್ತಿರ ಬಂದು ಹೇಳಿ ಹೋದರು. ಇದು ಅಲ್ಲಿನ ನಿಯಮವಂತೆ. ಎಲ್ಲ ಆಸ್ಪತ್ರೆಗಳೂ ಈ ನಿಯಮವನ್ನು ನಕಲು ಮಾಡಬೇಕು.

ಆ ಯಂತ್ರದ ಬಗ್ಗೆ ನನಗೆ ತಿಳಿದದ್ದು ಕ್ಯಾಂಟೀನಿನಲ್ಲಿ. ಚಿತ್ರಾನ್ನ ತಿನ್ನುತ್ತಿದ್ದ ಹಸಿರು ಬಟ್ಟೆಯ ಯುವಕನೊಬ್ಬ ಪರ್ಫ್ಯೂಷನಿಸ್ಟ್, ಅಂದರೆ ಅದನ್ನು ನಡೆಸುವವನು. ಶಸ್ತ್ರಚಿಕಿತ್ಸಕರ ಹೆಸರು ಎಲ್ಲರಿಗೂ ಗೊತ್ತು, ಇವರನ್ನು ಕೇಳುವವರೇ ಇಲ್ಲ. ಅವನು ಹೇಳಿದ್ದು: ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟು, ಅದನ್ನು ಕೊಳವೆಗಳಿಂದ ಹೊರಗೆ ತಂದು, ಯಂತ್ರದಲ್ಲಿ ಆಮ್ಲಜನಕ ಸೇರಿಸಿ, ತಂಪು ಮಾಡಿ ದೇಹಕ್ಕೆ ಮರಳಿಸುತ್ತಾರೆ, ಪೊಟ್ಯಾಸಿಯಂ ಇರುವ ದ್ರಾವಣ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ, ಹೊಲಿಗೆ ಮುಗಿದ ಮೇಲೆ ಮತ್ತೆ ಬೆಚ್ಚಗೆ ಮಾಡುತ್ತಾರೆ. "ಇದು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?" ಎಂದು ಕೇಳಿದೆ. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಲಿಲ್ಲೆಹೈ ಎಂಬ ಶಸ್ತ್ರಚಿಕಿತ್ಸಕ ಮಗುವಿನ ರಕ್ತನಾಳಗಳನ್ನು ಪಕ್ಕದ ಮೇಜಿನ ಮೇಲೆ ಮಲಗಿದ ಇನ್ನೊಬ್ಬ ಮನುಷ್ಯನಿಗೆ ಜೋಡಿಸಿ, ಆ ಮನುಷ್ಯನ ಹೃದಯ, ಶ್ವಾಸಕೋಶಗಳಿಂದಲೇ ಮಗುವನ್ನು ಉಳಿಸಿಕೊಂಡು ಒಳಗಿನ ರಂಧ್ರ ಮುಚ್ಚಿದರಂತೆ. ಮಾರ್ಚ್ ತಿಂಗಳ ಮೊದಲ ಮಗುವಿಗೆ ಹಾಗೆ ಮಲಗಿದ್ದು ಅದರ ತಂದೆ. ಅದೇ ವರ್ಷ ಆಗಸ್ಟ್‌ನಲ್ಲಿ ಮೊದಲ ಟಿಒಎಫ್ ರಿಪೇರಿಯೂ ಇದೇ ವಿಧಾನದಲ್ಲಿ ಆಯಿತು. ಒಂದು ಆಪರೇಷನ್‌ನಲ್ಲಿ ಎರಡು ಸಾವು ಆಗಬಹುದು ಎಂದು ಟೀಕಿಸಿದವರಿದ್ದರು ಎಂದು ಅವನು ಹೇಳಿ ಕೈ ತೊಳೆಯಲು ಎದ್ದ. ನಾನು ಚಹಾ ಮುಗಿಸಲಿಲ್ಲ. ಮೇಜಿನ ಮೇಲೆ ಮಲಗು ಎಂದಿದ್ದರೆ ಆ ಕ್ಷಣವೇ ಮಲಗುತ್ತಿದ್ದೆ, ಆ ತಂದೆಯ ಬಗ್ಗೆ ಅದರಿಂದ ಆಶ್ಚರ್ಯವಾಗಲಿಲ್ಲ. ಕತ್ತಿ ಹಿಡಿದವನ ಧೈರ್ಯದ ಬಗ್ಗೆ ಮಾತ್ರ ಇನ್ನೂ ಆಶ್ಚರ್ಯವಿದೆ.

(ಕ್ಯಾಂಟೀನಿಗೆ ಮೂರೂವರೆ. ಇಡ್ಲಿ ಮೃದು, ಸಾಂಬಾರು ಬೆಂಗಳೂರಿನದು, ಬೆಲ್ಲದ ಪಾಕ.)

ಐಸಿಯುಗೆ ತಂದೆ ತಾಯಿಯರಲ್ಲಿ ಒಬ್ಬೊಬ್ಬರೇ ಹೋಗಬೇಕು, ಸ್ವಲ್ಪ ಹೊತ್ತು ಮಾತ್ರ. ಬಾಯಿಯಲ್ಲಿ ವೆಂಟಿಲೇಟರ್ ಕೊಳವೆ, ಕುತ್ತಿಗೆಯಲ್ಲಿ ಔಷಧದ ನಳಿಕೆಗಳು, ಎದೆಯ ಕೆಳಗಿನಿಂದ ರಕ್ತ ಬಸಿಯುವ ಪೈಪು, ಹೊಟ್ಟೆಯ ಮೇಲೆ ಅಂಟಿಸಿದ ಎರಡು ಸಣ್ಣ ತಂತಿ. ಒಳಗೆ ಕಾಲಿಡುವ ಮೊದಲೇ ಕೇರಳದ ಸಿಸ್ಟರ್ ಒಬ್ಬರು ತಮ್ಮ ಮುರುಕು ಕನ್ನಡದಲ್ಲಿ ಪ್ರತಿಯೊಂದು ಕೊಳವೆಯ ಕೆಲಸವನ್ನು ಹೇಳಿದ್ದರಿಂದ ನೋಡುವ ಶಕ್ತಿ ಉಳಿಯಿತು. ತಂತಿಗಳು ಯಾಕೆ ಎಂದರೆ, ರಂಧ್ರದ ಅಂಚಿನಲ್ಲೇ ಹೃದಯದ ಮಿಡಿತದ ಸಂಕೇತ ಸಾಗುವ ದಾರಿಯಿದೆ. ಹೊಲಿಗೆಯಿಂದ ಅದಕ್ಕೆ ತೊಂದರೆಯಾಗಿ ಮಿಡಿತ ನಿಧಾನವಾದರೆ ಹೊರಗಿನಿಂದ ಮಿಡಿಸಲು. ನಮಗೆ ಅದರ ಅಗತ್ಯ ಬೀಳಲಿಲ್ಲ. ಮಾನಿಟರಿನಲ್ಲಿ 98 ಎಂದಿತ್ತು. "ನೋಡಿ ಅಣ್ಣಾ, ಉಗುರು ನೋಡಿ" ಎಂದರು ಸಿಸ್ಟರ್. ಹುಟ್ಟಿದಂದಿನಿಂದ ಆ ಉಗುರುಗಳ ನಿಜವಾದ ಬಣ್ಣ ಯಾವುದೆಂದು ನಾವು ನೋಡಿರಲಿಲ್ಲ. ಐಸಿಯು ಸಿಸ್ಟರುಗಳಿಗೆ ಐದು.

ಈಗ ಆ ಕಳೆದುಹೋದ ನಕ್ಷತ್ರ. ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಜಾಣತನದಿಂದ ಮಾಡುವ ಸಂಸ್ಥೆ ನಮ್ಮನ್ನು ಮನೆಗೆ ಕಳುಹಿಸುವಾಗ ಮಾತ್ರ ಬಸ್ ನಿಲ್ದಾಣವಾಗಿಬಿಡುತ್ತದೆ. ವಾರ್ಡಿನಲ್ಲಿ ಹಾಸಿಗೆಗಾಗಿ ಇನ್ನೊಂದು ಮಗು ಕಾಯುತ್ತಿತ್ತು, ಅದು ಅರ್ಥವಾಗುತ್ತದೆ. ಆದರೆ ಬಿಡುಗಡೆಯ ಸಾರಾಂಶ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕಿರಿಯ ವೈದ್ಯರೊಬ್ಬರು ಬಾಗಿಲಲ್ಲಿ ನಿಂತೇ ಹಿಂದಿಯಲ್ಲಿ ಒಂದಿಷ್ಟು ಹೇಳಿದರು. ಕನ್ನಡದ ಕರಪತ್ರ ಇದೆಯಂತೆ, ಮುಗಿದಿದೆಯಂತೆ. ಮೂತ್ರ ಹೆಚ್ಚಿಸುವ ಔಷಧವನ್ನು ಮಿಲಿಲೀಟರ್ ಲೆಕ್ಕದಲ್ಲಿ ಬರೆದಿದ್ದರು, ಅಳೆಯುವ ಸಿರಿಂಜ್ ಕೊಡಲಿಲ್ಲ. ಅಳತೆಯ ವಿಷಯದಲ್ಲಿ ನಾನು ಬಿಡುವವನಲ್ಲ, ಜಗಳವಾಡಿ ತೆಗೆದುಕೊಂಡೆ. ಸಿರಿಂಜ್ ಕೇಳದೆ ಚಮಚದಲ್ಲಿ ಹಾಕುವ ತಾಯಂದಿರು ಎಷ್ಟಿದ್ದಾರೋ.

ಎದೆಯ ಮೂಳೆಯನ್ನು ಸೀಳಿ ಜೋಡಿಸಿರುವಾಗ ಕೆಲವು ವಾರಗಳವರೆಗೆ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಬಾರದು. ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಕುಂಡೆಯ ಕೆಳಗೆ ಇಟ್ಟು ಎತ್ತಬೇಕು. ಇದನ್ನು ನಮಗೆ ಹೇಳಿದವರು ಯಾರು? ನೆಲ ಒರೆಸುತ್ತಿದ್ದ ಆಯಾ. "ಹಾಗಲ್ಲ ತಾಯಿ, ಹೀಗೆ" ಎಂದು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬಂದು ತೋರಿಸಿಕೊಟ್ಟರು. ಆಕೆಯ ಸಂಬಳದ ಚೀಟಿಯಲ್ಲಿ ಈ ಕೆಲಸದ ಹೆಸರಿಲ್ಲ. ಹಲ್ಲಿನ ಸ್ವಚ್ಛತೆ ಮುಖ್ಯ, ಹುಳುಕಿನಿಂದ ಸೋಂಕು ರಕ್ತಕ್ಕೆ ಇಳಿದು ಹೃದಯಕ್ಕೆ ತಗಲಬಹುದು, ದಂತವೈದ್ಯರ ಬಳಿ ಹೋದಾಗ ಹೃದಯದ ಆಪರೇಷನ್ ಆಗಿದೆ ಎಂದು ಮೊದಲೇ ಹೇಳಬೇಕು ಎಂಬುದನ್ನು ನಾವು ಮೊದಲ ತಪಾಸಣೆಗೆ ಹೋದಾಗ, ಕೇಳಿದ ಮೇಲೆ, ತಿಳಿದುಕೊಂಡೆವು. ರಕ್ತ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ತಿಂಗಳುಗಟ್ಟಲೆ ತಡಮಾಡಿ ಹಾಕಬೇಕಾಗುತ್ತದೆ ಎಂಬುದೂ ಹಾಗೆಯೇ. ನಮ್ಮ ಆಶಾ ಕಾರ್ಯಕರ್ತೆಗೆ ಅದನ್ನು ಹೇಳಿದಾಗ ಅವರು ನನ್ನನ್ನೇ ಅನುಮಾನದಿಂದ ನೋಡಿದರು. ಕಾಗದದಲ್ಲಿ ಬರೆದಿದ್ದರೆ ತೋರಿಸಬಹುದಿತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಮಗಳ ಕವಾಟದ ಬಳೆ ಚಿಕ್ಕದಿತ್ತು. ಸೀಳಿ ತೇಪೆ ಹಾಕಿದ್ದಾರೆ. ಆ ಕವಾಟ ಈಗಲೂ ಸೋರುತ್ತದೆ, ಅದು ನಿರೀಕ್ಷಿತವೇ. ಬಲಗೋಣೆ ನಿಧಾನವಾಗಿ ಹಿಗ್ಗುತ್ತಾ ಹೋಗಬಹುದು, ಮುಂದೆಂದೋ ಕವಾಟ ಬದಲಿಸಬೇಕಾಗಬಹುದು. ಕೆಲವರಿಗೆ ಎದೆ ತೆರೆಯದೆ ಕಾಲಿನ ರಕ್ತನಾಳದ ಮೂಲಕವೇ ಅದನ್ನು ಮಾಡಬಹುದಂತೆ. ಮಿಡಿತದಲ್ಲಿ ಏರುಪೇರು ಬರುವ ಸಾಧ್ಯತೆಯಿದೆ. ಹಾಗಾಗಿ ಜೀವನಪೂರ್ತಿ ಯಾರಾದರೂ ನೋಡುತ್ತಿರಬೇಕು. ಚೀಟಿಯ ಹಿಂದೆ ಚಿತ್ರ ಬರೆದ ಆ ವೈದ್ಯರು ಇದನ್ನು ಹೇಳಿದ್ದರು. ಬಿಡುಗಡೆಯ ಕಾಗದದಲ್ಲಿ ಇರುವುದು ಮುಂದಿನ ತಪಾಸಣೆಯ ದಿನಾಂಕ ಮಾತ್ರ. ಮಗು ಕೆಂಪಗಾಗಿ ಓಡಾಡತೊಡಗಿದರೆ ಊರಿನಲ್ಲಿ ಎಲ್ಲರೂ "ಗುಣವಾಯಿತಲ್ಲ, ಇನ್ನೇಕೆ ಬೆಂಗಳೂರು?" ಎನ್ನುತ್ತಾರೆ. ರೈಲಿನ ಖರ್ಚು, ಕೂಲಿ ತಪ್ಪುವುದು, ಎಲ್ಲ ಲೆಕ್ಕ ಹಾಕಿದರೆ ಅವರ ಮಾತಿಗೂ ಅರ್ಥವಿದೆ. ಕಾಯುವ ಸಾಲಿನಲ್ಲಿ ನನಗೆ ಸಿಕ್ಕ ತರೀಕೆರೆಯ ಹುಡುಗಿಯೊಬ್ಬಳಿಗೆ ಬಾಲ್ಯದಲ್ಲೇ ಇದೇ ಆಪರೇಷನ್ ಆಗಿತ್ತು. ಬಹಳ ವರ್ಷ ಎಲ್ಲಿಗೂ ತೋರಿಸಿರಲಿಲ್ಲ. ಮದುವೆಯಾಗಿ ಗರ್ಭಿಣಿಯಾದ ಮೇಲೆ ದಮ್ಮು ಬಂದು ಓಡಿಬಂದಿದ್ದಳು. ಏನು ಆಪರೇಷನ್ ಆಗಿತ್ತು ಎಂದು ಕೇಳಿದರೆ ಅವಳ ತಾಯಿ "ಹೃದಯದಲ್ಲಿ ತೂತಿತ್ತು, ಮುಚ್ಚಿದರು" ಎಂದಷ್ಟೇ ಹೇಳುತ್ತಿದ್ದರು. ಕಾಗದಗಳು ಮನೆ ಬದಲಿಸುವಾಗ ಹೋಗಿದ್ದವು.

ಖರ್ಚಿನ ಮಾತು ಕೇಳುವವರಿಗೆ: ಆಪರೇಷನ್, ಐಸಿಯು, ವಾರ್ಡು, ಔಷಧ ಪ್ಯಾಕೇಜಿನಲ್ಲೇ ಆಯಿತು, ಒಳಗೆ ಯಾರೂ ಕೈ ಚಾಚಲಿಲ್ಲ. ಅಪ್ರೂವಲ್ ಬರುವ ಮೊದಲಿನ ಕೆಲವು ಪರೀಕ್ಷೆಗಳು, ಲಾಡ್ಜು, ಊಟ, ಓಡಾಟ ಸೇರಿ 30,000 ರೂಪಾಯಿಯ ಆಸುಪಾಸು ಕೈಯಿಂದ ಹೋಯಿತು. ಅರ್ಧ ಕೊಬ್ಬರಿ ಮಂಡಿಯವರಿಂದ ತಂದದ್ದು. ಎದುರು ರಸ್ತೆಯ ಲಾಡ್ಜುಗಳು ಮುಂಗಡಕ್ಕೆ ರಸೀದಿ ಕೊಡುವುದಿಲ್ಲ, ಒತ್ತಾಯಿಸಿ ಪಡೆಯಿರಿ.

ಅಲ್ಲಿಗೆ ಹೋಗುವವರು ಬಿಡುಗಡೆಯ ಸಾರಾಂಶದ ಜೊತೆ ಆಪರೇಷನ್ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆಯಬೇಕು. ಯಾವ ತೇಪೆ, ಎಲ್ಲಿ, ಕವಾಟವನ್ನು ಏನು ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಸಾರಾಂಶದಲ್ಲಿ ಒಂದೇ ಸಾಲು. ತಾವಾಗಿ ಕೊಡುವುದಿಲ್ಲ, ಕೇಳಿದರೆ ಇಲ್ಲವೆನ್ನುವುದೂ ಇಲ್ಲ. ನಾನು ಮೂರು ಪ್ರತಿ ಮಾಡಿಸಿ ಒಂದನ್ನು ಮನೆಯಲ್ಲಿ, ಒಂದನ್ನು ಸೊಸೈಟಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಮಾವನ ಮನೆಯಲ್ಲಿ ಇಟ್ಟಿದ್ದೇನೆ. ಫೋಟೊ ಮೊಬೈಲಿನಲ್ಲೂ ಇದೆ. ದಾಖಲೆ ವಿಭಾಗ ನೆಲಮಾಳಿಗೆಯಲ್ಲಿದೆ, ಔಷಧಾಲಯದ ಪಕ್ಕದ ಇಳಿಜಾರಿನಲ್ಲಿ ಇಳಿಯಬೇಕು. ಊಟದ ಹೊತ್ತಿಗೆ ಮುಚ್ಚುತ್ತಾರೆ, ತೆರೆಯುವುದು ಅವರ ಊಟ ಮುಗಿದಾಗ. ಜೆರಾಕ್ಸ್‌ಗೆ ನಗದೇ ಬೇಕು, ಚಿಲ್ಲರೆ ಇಟ್ಟುಕೊಂಡು ಹೋಗಿ.